ಕರ್ನಲ್‌ನ ಸೋರಿಕೆ ಹಿಡಿದವರು

ಜುಲೈ ತಿಂಗಳ ಒಂದು ಭಾನುವಾರ ಕುವೈತಿನ ಶುವೈಖ್‌ನ ಔಷಧಿ ಗೋದಾಮೊಂದರಲ್ಲಿ ಇನ್ಸುಲಿನ್ ಇಡುವ ಕೋಲ್ಡ್ ರೂಮಿನ ಕಂಪ್ರೆಸರ್ ನಿಂತುಹೋಯಿತು. ಹೊರಗೆ ಐವತ್ತು ಡಿಗ್ರಿ ಇರುವಾಗ ಕಂಪ್ರೆಸರ್ ಕೈಕೊಡುವುದು ಆಶ್ಚರ್ಯದ ಸಂಗತಿಯೇನಲ್ಲ. ಒಳಗಿನ ಬಿಸಿ ಏರತೊಡಗಿದ ಎರಡೇ ನಿಮಿಷದಲ್ಲಿ ಮೂವರ ಮೊಬೈಲಿಗೆ ಎಚ್ಚರಿಕೆ ಹೋಗಬೇಕಿತ್ತು, ಅದು ಹೋಗಲಿಲ್ಲ. ಎಚ್ಚರಿಕೆ ಕಳಿಸಬೇಕಾದ ಸಾಧನ ಗೋಡೆಯ ಮೇಲೇ ಇತ್ತು. ಊಟದ ಡಬ್ಬಿಯಷ್ಟು ಗಾತ್ರದ ಪುಟ್ಟ ಕಂಪ್ಯೂಟರ್ ಅದು, ಹಾಗಾಗಿ ಎಲ್ಲರೂ ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದರು. ಅದರ ಹಸಿರು ದೀಪ ಉರಿಯುತ್ತಿತ್ತು, ಆದರೆ ಒಳಗೆ ಅದು ಮಿಸುಕಾಡುತ್ತಿರಲಿಲ್ಲ. ಐದು ಗಂಟೆ ಕಳೆದು ಕಾವಲುಗಾರ ಬಾಗಿಲು ತೆರೆದಾಗ ಒಳಗೆ ಇಪ್ಪತ್ತೆಂಟು ಡಿಗ್ರಿ. ನಲವತ್ತು ಪೆಟ್ಟಿಗೆ ಇನ್ಸುಲಿನ್ ನಿಯಮದ ಪ್ರಕಾರ ಕಸಕ್ಕೆ ಹೋಯಿತು.

ಆ ಡಬ್ಬಿಯೊಳಗಿನ ಪ್ರೋಗ್ರಾಂ ಬರೆದವಳು ಫಾತಿಮತ್ ಝುಹ್ರಾ. ದೇರಳಕಟ್ಟೆ ಕಡೆಯವಳು. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಅನ್ಸಾಫ್‌ನನ್ನು ಮದುವೆಯಾಗಿ ಕುವೈತಿಗೆ ಬಂದವಳು, ಫರ್ವಾನಿಯಾದ ಫ್ಲ್ಯಾಟಿನಲ್ಲಿ ಎರಡು ವರ್ಷ ಕೆಲಸವಿಲ್ಲದೆ ಕಳೆದಿದ್ದಳು. ಕೊನೆಗೆ ಶುವೈಖ್‌ನ ಈ ಸಣ್ಣ ಕಂಪನಿ ಅವಳನ್ನು ಕರೆದಿತ್ತು. ಕೋಲ್ಡ್ ರೂಮುಗಳ ಉಷ್ಣಾಂಶ ಕಾಯುವುದು ಕಂಪನಿಯ ಕಸುಬು. ಕುವೈತಿನಾದ್ಯಂತ ಅವರ ನೂರ ನಲವತ್ತು ಡಬ್ಬಿಗಳಿದ್ದವು: ಔಷಧಿ ಗೋದಾಮು, ಮೀನಿನ ಮಾರುಕಟ್ಟೆ, ಶಾಲೆಯ ಅಡುಗೆಮನೆ, ಖರ್ಜೂರದ ಉಗ್ರಾಣ. ಎಲ್ಲದರಲ್ಲೂ ಓಡುತ್ತಿದ್ದುದು ಝುಹ್ರಾಳ ಪ್ರೋಗ್ರಾಂ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಜೋಕಿಮ್ ಎಲ್ಲರನ್ನೂ ಕೂರಿಸಿಕೊಂಡರು. ಕುಲಶೇಖರದವರು, ಮೂವತ್ತು ವರ್ಷದಿಂದ ಕುವೈತಿನಲ್ಲಿರುವವರು, ದನಿ ಏರಿಸುವ ಮನುಷ್ಯರಲ್ಲ. ಡಬ್ಬಿಗಳು ಆಗಾಗ ಹೀಗೆ ಮರಗಟ್ಟುವುದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಯಾರಾದರೂ ಹೋಗಿ ವಿದ್ಯುತ್ ತೆಗೆದು ಹಾಕಿದರೆ ಮತ್ತೆ ಎದ್ದುಕೊಳ್ಳುತ್ತಿದ್ದವು. ಡಬ್ಬಿ ತಯಾರಿಸುವ ಹೊರದೇಶದ ಕಂಪನಿಗೆ ಬರೆದು ಕೇಳಿದ್ದಾಗ, ಮೆಮೊರಿ ಪೂರ್ತಿ ಖಾಲಿಯಾಗುತ್ತಿದೆ, ನಿಮ್ಮ ಪ್ರೋಗ್ರಾಂ ಅದನ್ನು ತಿನ್ನುತ್ತಿದೆ ಎಂದು ಉತ್ತರ ಬಂದಿತ್ತು. ಜೋಕಿಮ್ ಆ ಉತ್ತರವನ್ನು ಎಲ್ಲರೆದುರು ಓದಿದರು. ಝುಹ್ರಾ ತಲೆ ತಗ್ಗಿಸಲಿಲ್ಲವಾದರೂ ಅವಳ ಕಿವಿ ಬಿಸಿಯಾಯಿತು. ಆ ಪ್ರೋಗ್ರಾಂನ ಒಂದೊಂದು ಸಾಲನ್ನೂ ಅವಳು ಮೂರು ಸಲ ತಿರುಗಿಸಿ ನೋಡಿದ್ದಳು. ತೆಗೆದುಕೊಂಡ ಮೆಮೊರಿಯನ್ನೆಲ್ಲ ಅದು ಹಿಂದಿರುಗಿಸುತ್ತಿತ್ತು.

ಜೋಕಿಮ್ ಒಂದು ತೀರ್ಮಾನ ಹೇಳಿದರು. ನಾಳೆಯಿಂದ ಪ್ರತಿ ಡಬ್ಬಿಯೂ ದಿನಕ್ಕೊಮ್ಮೆ ತಾನೇ ರೀಸ್ಟಾರ್ಟ್ ಆಗಬೇಕು. ಮತ್ತೆ ಏಳಲು ಅದಕ್ಕೆ ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಕೋಲ್ಡ್ ರೂಮನ್ನು ಕಾಯುವವರು ಯಾರೂ ಇರುವುದಿಲ್ಲ, ಆದರೆ ಈಗ ಬೇರೆ ದಾರಿಯಿಲ್ಲ ಎಂದರು.

ಮೂಲೆಯಲ್ಲಿ ಕುಳಿತಿದ್ದ ಬಸಲಿಂಗಯ್ಯ ಆಗ ಬಾಯಿ ತೆರೆದರು. ಗಜೇಂದ್ರಗಡದವರು, ಐವತ್ತನಾಲ್ಕು ವರ್ಷ. ಐಟಿಐ ಮುಗಿಸಿ ಬಂದು, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಹದಿಮೂರು ವರ್ಷ ಉಪಕರಣಗಳ ತಂತ್ರಜ್ಞರಾಗಿ ದುಡಿದು, ಆಮೇಲೆ ಈ ಕಂಪನಿ ಸೇರಿದವರು. ಮರಗಟ್ಟಿದ ಡಬ್ಬಿಗಳನ್ನು ಎಬ್ಬಿಸಲು ಪಿಕಪ್ ಗಾಡಿಯಲ್ಲಿ ಊರೆಲ್ಲ ತಿರುಗುತ್ತಿದ್ದವರು ಅವರೇ. ಬೇಸಿಗೆಯಲ್ಲಿ ರೀಸ್ಟಾರ್ಟ್ ಮಾಡಿದ ಹತ್ತು ಡಬ್ಬಿಗಳಲ್ಲಿ ಒಂದಾದರೂ ಏಳುವುದಿಲ್ಲ, ಎರಡನೇ ಸಲ ತಂತಿ ಕಿತ್ತು ಹಾಕಬೇಕಾಗುತ್ತದೆ ಎಂದು ಅವರು ತಿಳಿಸಿದರು. ದಿನವೂ ನೂರ ನಲವತ್ತನ್ನು ಮಲಗಿಸಿ ಎಬ್ಬಿಸಿದರೆ ದಿನವೂ ಹದಿನಾಲ್ಕು ಮಲಗಿಯೇ ಇರುತ್ತವೆ.

ಜೋಕಿಮ್ ಝುಹ್ರಾಳ ಕಡೆ ತಿರುಗಿದರು. "ನಿಮ್ಮ ಪ್ರೋಗ್ರಾಂ ಅಲ್ಲ ಅಂತಾದ್ರೆ ಯಾವುದು ಅಂತ ತೋರಿಸಿ. ಅಕ್ಟೋಬರಲ್ಲಿ ಗೋದಾಮಿನವರ ಮೀಟಿಂಗ್ ಉಂಟು. ಅವರಿಗೆ ಕಾರಣ ಬೇಕು, ಕತೆ ಅಲ್ಲ."

ಬೇರೆ ದಾರಿಯಿಲ್ಲದೆ ರೀಸ್ಟಾರ್ಟ್ ಮಾತ್ರ ಮರುದಿನದಿಂದಲೇ ಶುರುವಾಯಿತು, ಏಳದವನ್ನು ಎಬ್ಬಿಸಲು ಬಸಲಿಂಗಯ್ಯ ತಿರುಗುತ್ತಲೇ ಇದ್ದರು.

ಝುಹ್ರಾ ಮೊದಲು ಮಾಡಿದ್ದು ಬಹಳ ಸರಳವಾದ ಕೆಲಸ. ರೀಸ್ಟಾರ್ಟ್ ಶುರುವಾಗುವ ಮೊದಲೇ, ಸಾಯುವ ಸ್ಥಿತಿಗೆ ಬಂದಿದ್ದ ಒಂದು ಡಬ್ಬಿಯನ್ನು ಕಚೇರಿಗೆ ತರಿಸಿಕೊಂಡಳು, ವಿದ್ಯುತ್ ತಪ್ಪದಂತೆ ಬ್ಯಾಟರಿಗೆ ಕಟ್ಟಿ. ಅದರಲ್ಲಿ ಮೆಮೊರಿ ಮೂರು ಎಂಬಿಯಷ್ಟೇ ಉಳಿದಿತ್ತು. ಅವಳು ತನ್ನ ಪ್ರೋಗ್ರಾಂ ಅನ್ನು ಪೂರ್ತಿಯಾಗಿ ನಿಲ್ಲಿಸಿದಳು. ಪ್ರೋಗ್ರಾಂ ಎಷ್ಟೇ ಬೇಜವಾಬ್ದಾರಿಯದ್ದಾಗಿರಲಿ, ಅದು ಮುಗಿದ ಕ್ಷಣವೇ ಅದು ಹಿಡಿದಿಟ್ಟಿದ್ದ ಮೆಮೊರಿಯನ್ನೆಲ್ಲ ಆಪರೇಟಿಂಗ್ ಸಿಸ್ಟಮ್ ವಾಪಸು ಕಿತ್ತುಕೊಳ್ಳುತ್ತದೆ. ತಪ್ಪು ಅವಳದ್ದೇ ಆಗಿದ್ದರೆ ಮೂರು ಎಂಬಿ ಇದ್ದದ್ದು ನಲವತ್ತಾಗಬೇಕಿತ್ತು. ಆರಾಯಿತು, ಅಷ್ಟೇ. ಉಳಿದದ್ದು ಎಲ್ಲೂ ಇಲ್ಲ.

ಹಾಗಿದ್ದರೆ ಅದನ್ನು ನುಂಗಿದ್ದು ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಕರ್ನಲ್ ಎಂದು ಕರೆಯುವ ಭಾಗವೇ ಇರಬೇಕು. ಎಲ್ಲ ಪ್ರೋಗ್ರಾಂಗಳಿಗೂ ಮೆಮೊರಿ ಹಂಚುವುದು, ವಾಪಸು ಪಡೆಯುವುದು ಕರ್ನಲ್. ಅದು ತಾನೇ ತೆಗೆದುಕೊಂಡು ಮರೆತದ್ದನ್ನು ಕಿತ್ತುಕೊಳ್ಳಲು ಅದರ ಮೇಲೆ ಇನ್ಯಾರೂ ಇಲ್ಲ. ಡಬ್ಬಿಯ ಕರ್ನಲ್ ಜಗತ್ತಿನ ಸಾವಿರಾರು ಜನ ಸೇರಿ ಬರೆದದ್ದು, ಯಾರು ಬೇಕಾದರೂ ಓದಬಹುದಾದದ್ದು. ಅದರಲ್ಲಿ ಲಕ್ಷಗಟ್ಟಲೆ ಸಾಲುಗಳು. ಆ ಸಂಜೆ ಅವಳು ಅನ್ಸಾಫ್‌ಗೆ, ತಪ್ಪು ತನ್ನದಲ್ಲವೆಂದು ತನಗೆ ಗೊತ್ತಾಯಿತು, ಆದರೆ ಎಲ್ಲಿ ಹುಡುಕುವುದು ಎಂದು ಗೊತ್ತಾಗುತ್ತಿಲ್ಲ ಎಂದಳು. ಅವನು, ಅರ್ಧ ಗೊತ್ತಾಯಿತಲ್ಲ ಎಂದ.

ಎಲ್ಲಿ ಹುಡುಕಬೇಕೆಂದು ಹೇಳಿದವರು ಬಸಲಿಂಗಯ್ಯ. ಮರುದಿನ ಮಧ್ಯಾಹ್ನ ಅವಳ ಮೇಜಿನ ಬಳಿ ಬಂದು, ಅಂಗಿಯ ಜೇಬಿನಿಂದ ಒಂದು ಸಣ್ಣ ನೋಟುಬುಕ್ಕು ತೆಗೆದರು. ಮೂರು ವರ್ಷದಿಂದ ತಾವು ಎಬ್ಬಿಸಿದ ಪ್ರತಿ ಡಬ್ಬಿಯ ಊರು, ತಾರೀಖು ಅದರಲ್ಲಿದ್ದವು. ರಿಫೈನರಿಯಲ್ಲಿ ಕಲಿತ ಅಭ್ಯಾಸ. ಯಾರೂ ಬರೆಯಲು ಹೇಳಿರಲಿಲ್ಲ, ಯಾರೂ ಓದಿಯೂ ಇರಲಿಲ್ಲ.

"ನೋಡ ತಂಗಿ," ಎಂದರು. "ಸಾಲ್ಮಿಯಾದ ಸಾಲಿ ಅಡಗಿಮನ್ಯಾಗಿಂದು ನಲವತ್ತ ದಿನಕ್ಕೊಮ್ಮೆ ಸಾಯತೈತಿ. ಜಹರಾದಾಗಿಂದು ತಿಂಗಳಿಗೊಮ್ಮೆ. ರಾಯ್‌ದಾಗಿನವು ನಾಕ ದಿನಾನೂ ತಾಳಂಗಿಲ್ಲ."

ಝುಹ್ರಾ ತಕ್ಷಣ ಬಿಸಿಲಿನ ಕಾರಣ ಹೇಳಿದಳು. ಬಸಲಿಂಗಯ್ಯ ಅಲ್ಲವೆಂದು ತಲೆಯಾಡಿಸಿದರು. ಬಿಸಿಲೇ ಕಾರಣವಾಗಿದ್ದರೆ ಮರುಭೂಮಿಯ ಅಂಚಿನ ಜಹರಾದ ಡಬ್ಬಿಗಳು ಮೊದಲು ಸಾಯಬೇಕಿತ್ತು. ಅಷ್ಟೇ ಅಲ್ಲ, ಅವರು ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದರು: ಎರಡೂ ಈದ್ ರಜೆಗಳಲ್ಲಿ, ಮೂರು ವರ್ಷವೂ, ರಾಯ್‌ನ ಒಂದು ಡಬ್ಬಿಯೂ ಸತ್ತಿರಲಿಲ್ಲ.

ಝುಹ್ರಾ ಆ ಪುಟವನ್ನು ಬಹಳ ಹೊತ್ತು ನೋಡಿದಳು. ಈದ್‌ನಲ್ಲೂ ಕೋಲ್ಡ್ ರೂಮುಗಳು ಓಡುತ್ತವೆ, ಡಬ್ಬಿಗಳು ಓಡುತ್ತವೆ, ಅವಳ ಪ್ರೋಗ್ರಾಂ ಓಡುತ್ತದೆ. ರಜೆಯಲ್ಲಿ ರಾಯ್‌ನಲ್ಲಿ ನಿಲ್ಲುವುದು ಯಾವುದು?

"ಬಸಣ್ಣ, ರಾಯ್‌ನಲ್ಲಿ ನಮ್ಮ ಡಬ್ಬಿಗಳ ಪಕ್ಕ ಎಂತ ಉಂಟು?"

"ಎಲ್ಲಾ ಗ್ಯಾರೇಜ್ ಅದಾವಲ್ಲ. ವೆಲ್ಡಿಂಗು."

ಅವಳಿಗೆ ಬೇಕಿದ್ದುದು ಅದೊಂದೇ ಮಾತು. ಉಷ್ಣಾಂಶ ಅಳೆಯುವ ಸೆನ್ಸರ್‌ಗಳಿಂದ ಡಬ್ಬಿಗೆ ಉದ್ದನೆಯ ತಂತಿ ಬರುತ್ತದೆ. ಸೆನ್ಸರ್ ಕಳಿಸುವ ಮಾಹಿತಿ ಆ ತಂತಿಯಲ್ಲಿ ಚಿಕ್ಕ ಚಿಕ್ಕ ಪ್ಯಾಕೆಟ್ಟುಗಳಾಗಿ ಹರಿಯುತ್ತದೆ. ಹತ್ತಿರದಲ್ಲಿ ವೆಲ್ಡಿಂಗ್ ಯಂತ್ರ ಕಿಡಿ ಹಾರಿಸಿದಾಗ ತಂತಿಯಲ್ಲಿ ಗದ್ದಲವೆದ್ದು ಕೆಲವು ಪ್ಯಾಕೆಟ್ಟುಗಳು ಹಾಳಾಗುತ್ತವೆ. ಹಾಳಾದದ್ದನ್ನು ಕರ್ನಲ್ ಗುರುತಿಸಿ ಬಿಸಾಡುತ್ತದೆ. ಮುಂದಿನದು ಸರಿಯಾಗಿ ಬರುವುದರಿಂದ ಯಾರಿಗೂ ತಿಳಿಯುವುದೇ ಇಲ್ಲ. ಸರಿಯಾದ ಪ್ಯಾಕೆಟ್ಟುಗಳ ದಾರಿಯಲ್ಲಿ ಸೋರಿಕೆಯಿದ್ದರೆ ಎಲ್ಲ ಡಬ್ಬಿಗಳೂ ಒಂದೇ ವೇಗದಲ್ಲಿ ಸಾಯುತ್ತಿದ್ದವು. ಸೋರುತ್ತಿದ್ದುದು ಹಾಳಾದವುಗಳ ದಾರಿ. ಎಲ್ಲವೂ ಚೆನ್ನಾಗಿರುವಾಗ ಯಾರೂ ಕಾಲಿಡದ ದಾರಿ.

ಊಹೆಯನ್ನು ಸಾಬೀತು ಮಾಡಲು ಒಂದು ವಾರ ಹಿಡಿಯಿತು. ಕರ್ನಲ್‌ನೊಳಗೇ ಒಂದು ತಪಾಸಣೆಯ ಸೌಲಭ್ಯವಿದೆ. ತೆಗೆದುಕೊಂಡ ಮೇಲೆ ಯಾರ ಗಮನದಲ್ಲೂ ಇಲ್ಲದೆ ಬಿದ್ದಿರುವ ಮೆಮೊರಿ ತುಣುಕುಗಳನ್ನು ಹುಡುಕಿ, ಅವನ್ನು ಯಾವ ಸಾಲಿನಲ್ಲಿ ತೆಗೆದುಕೊಂಡದ್ದೆಂದು ಅದು ಹೇಳುತ್ತದೆ. ಡಬ್ಬಿ ನಿಧಾನವಾಗುತ್ತದೆಂದು ಸಾಮಾನ್ಯವಾಗಿ ಅದನ್ನು ಮುಚ್ಚಿಟ್ಟಿರುತ್ತಾರೆ. ಝುಹ್ರಾ ಅದನ್ನು ತೆರೆದಿಟ್ಟ ಹೊಸ ಕರ್ನಲ್ ಕಟ್ಟಿದಳು. ಎರಡು ಸಲ ಡಬ್ಬಿ ಏಳಲೇ ಇಲ್ಲ, ಮೂರನೇ ಸಲ ಎದ್ದಿತು. ಆದರೆ ಕಚೇರಿಯಲ್ಲಿ ಅದನ್ನು ಇಡೀ ದಿನ ಓಡಿಸಿದರೂ ಏನೂ ಸಿಗಲಿಲ್ಲ. ಅಲ್ಲಿ ಗದ್ದಲವೇ ಇರಲಿಲ್ಲ.

"ಹಂಗಾರ ಗದ್ದಲ ಇದ್ದಲ್ಲಿ ಒಯ್ಯೂಣು," ಎಂದರು ಬಸಲಿಂಗಯ್ಯ.

ರಾಯ್‌ನಲ್ಲಿ ಕಾರುಗಳ ಸೈಲೆನ್ಸರ್ ರಿಪೇರಿಯ ಅಂಗಡಿ ಇಟ್ಟಿದ್ದ ಮಮ್ಮಾಲಿ ಬಸಲಿಂಗಯ್ಯನವರಿಗೆ ಪರಿಚಯದವರು. ಫರಂಗಿಪೇಟೆಯ ಬ್ಯಾರಿ, ಅರವತ್ತು ದಾಟಿದ ಗಟ್ಟಿ ಆಳು. ಝುಹ್ರಾ ಅವರಿಗೆ ಬ್ಯಾರಿ ಭಾಷೆಯಲ್ಲೇ ವಿಷಯ ವಿವರಿಸಿದಳು: ನೀವು ನಿಮ್ಮ ಪಾಡಿಗೆ ವೆಲ್ಡಿಂಗ್ ಮಾಡಿ, ನಾವು ಪಕ್ಕದಲ್ಲಿ ಕುಳಿತು ನೋಡುತ್ತೇವೆ. ಇಷ್ಟು ವರ್ಷದಲ್ಲಿ ತಮ್ಮ ವೆಲ್ಡಿಂಗ್ ನೋಡಲು ಇಂಜಿನಿಯರ್ ಬಂದದ್ದು ಇದೇ ಮೊದಲು ಎಂದು ಅವರು ನಕ್ಕು, ಎರಡು ಕುರ್ಚಿ ಹಾಕಿಸಿದರು. ಬಸಲಿಂಗಯ್ಯ ಸೆನ್ಸರ್‌ನ ತಂತಿಯನ್ನು ಅಂಗಡಿಯ ಗೋಡೆಯುದ್ದಕ್ಕೂ, ಕೋಲ್ಡ್ ರೂಮುಗಳಲ್ಲಿ ಎಳೆಯುವ ಹಾಗೆಯೇ, ಮೊಳೆ ಹೊಡೆದು ಎಳೆದರು.

ಮಮ್ಮಾಲಿ ಮುಖಕವಚ ಇಳಿಸಿ ಒಂದು ಹಳೆಯ ಸೈಲೆನ್ಸರಿಗೆ ಕಿಡಿ ಹಾಯಿಸಿದರು. ಝುಹ್ರಾ ಲ್ಯಾಪ್‌ಟಾಪಿನ ಪರದೆ ನೋಡುತ್ತ ಕುಳಿತಳು. ಹಾಳಾದ ಪ್ಯಾಕೆಟ್ಟುಗಳ ಎಣಿಕೆ ಸೊನ್ನೆಯಲ್ಲಿತ್ತು. ನಾಲ್ಕಾಯಿತು. ಹದಿನೇಳಾಯಿತು. ಮಮ್ಮಾಲಿ ಬೆಸುಗೆ ನಿಲ್ಲಿಸಿ ಮುಖ ಒರೆಸಿಕೊಂಡಾಗ ಎಣಿಕೆಯೂ ನಿಂತಿತು. ಮತ್ತೆ ಶುರು ಮಾಡಿದಾಗ ಮತ್ತೆ ಏರಿತು. ಮುಕ್ಕಾಲು ಗಂಟೆಯಲ್ಲಿ ಇನ್ನೂರ ಹನ್ನೆರಡು ಪ್ಯಾಕೆಟ್ಟುಗಳು ಹಾಳಾಗಿದ್ದವು. ಅವಳು ತಪಾಸಣೆಯ ಆಜ್ಞೆ ಕೊಟ್ಟಳು. ಡಬ್ಬಿ ಯೋಚಿಸುತ್ತ ಯೋಚಿಸುತ್ತ ಪಟ್ಟಿ ಕೊಡತೊಡಗಿತು. ಯಾರಿಗೂ ಬೇಡವಾದ ತುಣುಕುಗಳು ಇನ್ನೂರ ಎಂಟು, ಕೊನೆಯ ನಾಲ್ಕಿನ್ನೂ ತಪಾಸಣೆಗೆ ಸಿಕ್ಕಿರಲಿಲ್ಲ. ಎಲ್ಲವೂ ಒಂದೇ ಅಳತೆಯವು. ತೆಗೆದುಕೊಂಡ ಸಾಲು ಕೂಡ ಎಲ್ಲಕ್ಕೂ ಒಂದೇ.

ಅವಳು ಕುರ್ಚಿಯಿಂದ ಎದ್ದು ನಿಂತಳು, ಏಕೆಂದು ಅವಳಿಗೇ ತಿಳಿಯಲಿಲ್ಲ.

"ಸಿಕ್ಕಿತು, ಬಸಣ್ಣ."

ಬಸಲಿಂಗಯ್ಯ ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದರು. ಅಕ್ಷರಗಳು ಅವರಿಗೆ ಅರ್ಥವಾಗಲಿಲ್ಲ, ಆದರೆ ಒಂದೇ ಸಾಲು ಮತ್ತೆ ಮತ್ತೆ ಬಂದಿರುವುದು ಕಾಣುತ್ತಿತ್ತು. ಮಮ್ಮಾಲಿ ಮುಖಕವಚ ಎತ್ತಿ, ಇನ್ನೂ ವೆಲ್ಡಿಂಗ್ ಬೇಕೇ ಎಂದು ಕೇಳಿದರು. ಬೇಡ, ಖಲಾಸ್ ಎಂದಳು ಝುಹ್ರಾ. ಮೂವರಿಗೂ ಮಮ್ಮಾಲಿಯೇ ಚಾ ತರಿಸಿದರು.

ಕರ್ನಲ್‌ನಲ್ಲಿ ಆ ತಂತಿಯನ್ನು ನೋಡಿಕೊಳ್ಳುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಅದು ದೊಡ್ಡದೇನಲ್ಲ, ಆರುನೂರು ಸಾಲು. ಪ್ರತಿ ಪ್ಯಾಕೆಟ್ ಬಂದಾಗಲೂ ಡ್ರೈವರ್ ಅದನ್ನಿಡಲು ಬಫರ್ ಎಂಬ ಮೆಮೊರಿ ತುಣುಕೊಂದನ್ನು ತೆಗೆದುಕೊಳ್ಳುತ್ತಿತ್ತು. ಪ್ಯಾಕೆಟ್ ಸರಿಯಿದ್ದರೆ ಬಫರನ್ನು ಮುಂದಕ್ಕೆ ದಾಟಿಸುತ್ತಿತ್ತು, ಮುಂದಿನವರು ಕೆಲಸ ಮುಗಿಸಿ ಅದನ್ನು ಹಿಂದಿರುಗಿಸುತ್ತಿದ್ದರು. ಪ್ಯಾಕೆಟ್ ಹಾಳಾಗಿದ್ದರೆ ತಪ್ಪಿನ ಎಣಿಕೆಯನ್ನು ಒಂದು ಹೆಚ್ಚಿಸಿ ಅಲ್ಲಿಂದಲೇ ಹೊರಟುಬಿಡುತ್ತಿತ್ತು. ಬಫರ್ ಅಲ್ಲೇ ಉಳಿಯುತ್ತಿತ್ತು.

ಝುಹ್ರಾ ಇದನ್ನು ಹೇಳಿದಾಗ ಬಸಲಿಂಗಯ್ಯ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. "ಮೆಸ್‌ನ್ಯಾಗ ತಾಟ ತಗೊಂಡು, ಪಲ್ಯಾ ಕೆಟ್ಟೈತಿ ಅಂತ ತಾಟ ಬೆಂಚಿನ ಬುಡಕ ಸರಿಸಿ ಎದ್ದು ಹೋದಂಗ. ತೊಳ್ಯಾಕ ಯಾರೂ ಒಯ್ಯಂಗಿಲ್ಲ. ನಾಕ ದಿನಕ್ಕ ಉಣ್ಣಾಕ ತಾಟಽ ಇಲ್ಲ."

ಅದಕ್ಕಿಂತ ಚೆನ್ನಾಗಿ ತನಗೂ ಹೇಳಲು ಬರುವುದಿಲ್ಲ ಎಂದಳು ಅವಳು.

ತಿದ್ದುಪಡಿ ಮೂರೇ ಸಾಲು. ಹೊರಡುವ ಮುಂಚೆ ಬಫರ್ ಬಿಡುಗಡೆ ಮಾಡು, ಅಷ್ಟೇ. ಕಚೇರಿಯಲ್ಲಿ ಮಮ್ಮಾಲಿಯವರ ಹಳೆಯ ವೆಲ್ಡಿಂಗ್ ಯಂತ್ರವೊಂದನ್ನೇ ತಂದು ಇಟ್ಟುಕೊಂಡು ಎರಡು ದಿನ ಪರೀಕ್ಷಿಸಿದಳು. ಒಂದು ತುಣುಕೂ ಸೋರಲಿಲ್ಲ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅದೇ ಡ್ರೈವರ್ ಜಗತ್ತಿನಲ್ಲಿ ಎಷ್ಟೋ ಕಡೆ ಓಡುತ್ತಿತ್ತು. ಎಲ್ಲೋ ಯಾರೋ ತಮ್ಮ ಡಬ್ಬಿಯನ್ನು ಮಲಗಿಸಿ ಎಬ್ಬಿಸುತ್ತಿರಬೇಕು. ಜೋಕಿಮ್ ಒಪ್ಪಿದರು. ಕರ್ನಲ್‌ನ ನೆಟ್‌ವರ್ಕ್ ವಿಭಾಗವನ್ನು ನೋಡಿಕೊಳ್ಳುವವರ ಇಮೇಲ್ ಪಟ್ಟಿಗೆ ಝುಹ್ರಾ ತನ್ನ ತಿದ್ದುಪಡಿ ಕಳಿಸಿದಳು. ಕಳಿಸುವ ಗುಂಡಿಯ ಮೇಲಿನಿಂದ ಒಮ್ಮೆ ಬೆರಳು ಹಿಂದೆಗೆದು, ಆಮೇಲೆ ಒತ್ತಿದಳು. ಆ ಪಟ್ಟಿಯಲ್ಲಿ ಬರೆದದ್ದನ್ನು ಇಡೀ ಜಗತ್ತು ಓದಬಹುದು, ಅಳಿಸಲು ಬರುವುದಿಲ್ಲ.

ಮರುದಿನ ಬಂದ ಉತ್ತರ ನಾಲ್ಕು ಸಾಲಿನದು. ಅವಳು ಎಂದೂ ಕಾಣದ, ಯಾವ ದೇಶದವರೆಂದೂ ತಿಳಿಯದ ಪರಿಶೀಲಕರೊಬ್ಬರು ಬರೆದಿದ್ದರು: ಸೋರಿಕೆ ನಿಜ. ಆದರೆ ಪ್ಯಾಕೆಟ್ ಹಾಳಾದಾಗ ಅಲ್ಲ, ಅರ್ಧಕ್ಕೇ ತುಂಡಾದಾಗ ಏನಾಗುತ್ತದೆಂದು ನೋಡಿದ್ದೀರಾ? ಆಗ ಒಳಗಿನ ಇನ್ನೊಂದು ಭಾಗ ಬಫರನ್ನು ಅದಾಗಲೇ ಬಿಡುಗಡೆ ಮಾಡಿರುತ್ತದೆ. ನೀವು ಎರಡನೇ ಸಲ ಮಾಡುತ್ತಿದ್ದೀರಿ.

ಝುಹ್ರಾ ಬೇಕೆಂದೇ ಒಂದು ತುಂಡು ಪ್ಯಾಕೆಟ್ ಕಳಿಸಿ ನೋಡಿದಳು. ಡಬ್ಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಕುಸಿದುಬಿತ್ತು. ಹಳೆಯ ತಪ್ಪು ನಾಲ್ಕು ದಿನದಲ್ಲಿ ಮಾಡುತ್ತಿದ್ದುದನ್ನು ಅವಳ ತಿದ್ದುಪಡಿ ಒಂದು ಕ್ಷಣದಲ್ಲಿ ಮಾಡಿತ್ತು.

ಅಂದು ಅವಳು ಮಧ್ಯಾಹ್ನದ ಊಟ ಮಾಡಲಿಲ್ಲ. ಜಗತ್ತಿನ ಎದುರು ತನ್ನ ಹೆಸರಿನಲ್ಲಿ ತಪ್ಪು ಬರೆದುಕೊಟ್ಟೆ ಎಂಬ ಸಂಕಟ. ಡಬ್ಬಿ ತಯಾರಿಸುವವರು ಹೇಳಿದ್ದೇ ಸರಿಯೇನೋ, ತನಗೆ ಈ ಕೆಲಸ ಬರುವುದಿಲ್ಲವೇನೋ ಎಂದೂ ಅನ್ನಿಸಿತು. ಸುತ್ತಾಟ ಮುಗಿಸಿ ಬಂದ ಬಸಲಿಂಗಯ್ಯ ವಿಷಯ ಕೇಳಿ, ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು. ರಿಫೈನರಿಯಲ್ಲಿದ್ದಾಗ ತಾವು ಒಮ್ಮೆ ವಾಲ್ವ್ ತಿರುವುಮುರುವಾಗಿ ಕೂರಿಸಿದ್ದನ್ನು, ಇನ್ನೊಬ್ಬ ತಂತ್ರಜ್ಞ ತಪಾಸಣೆಯಲ್ಲಿ ಅದನ್ನು ಹಿಡಿದಿದ್ದನ್ನು ಹೇಳಿದರು.

"ಎರಡನೇ ಕಣ್ಣು ಇಟ್ಟಿದ್ದು ಅದಕ್ಕಽ ಅಲ್ಲೇನು? ಅಂವ ನಿನ್ನ ಬೈದಿಲ್ಲ. ಸೋರಿಕಿ ಖರೇ ಅಂದಾನ. ಮೊದಲ ಅದನ್ನ ಓದು."

ಅವಳು ಮತ್ತೆ ಓದಿದಳು. ನಿಜ, ಮೊದಲ ಮಾತೇ ಅದಾಗಿತ್ತು.

ಈ ಸಲ ಅವಳು ಅವಸರ ಮಾಡಲಿಲ್ಲ. ಆರುನೂರು ಸಾಲನ್ನೂ ಕಾಗದದ ಮೇಲೆ ಇಳಿಸಿ, ಒಂದು ಬಫರ್ ಹುಟ್ಟಿದಲ್ಲಿಂದ ಅದು ಹೊರಹೋಗಬಹುದಾದ ಪ್ರತಿ ಬಾಗಿಲನ್ನೂ ಗುರುತು ಹಾಕಿದಳು. ಏಳು ಬಾಗಿಲುಗಳಿದ್ದವು. ಎರಡರಲ್ಲಿ ಬಫರ್ ಬಿಡುಗಡೆಯಾಗುತ್ತಿತ್ತು, ಮೂರರಲ್ಲಿ ಆಗುತ್ತಿರಲಿಲ್ಲ, ಉಳಿದೆರಡರಲ್ಲಿ ಆಗುವ ಅಗತ್ಯವೇ ಇರಲಿಲ್ಲ. ಮೂಲ ತೊಂದರೆ ಮರೆವಿನದ್ದಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಬಫರ್ ಹಿಂದಿರುಗಿಸುವ ಹೊಣೆ ಯಾರದ್ದು ಎಂಬುದೇ ಆ ಡ್ರೈವರಿನಲ್ಲಿ ತೀರ್ಮಾನವಾಗಿರಲಿಲ್ಲ. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಒಂದೊಂದು ತಿದ್ದುಪಡಿ ಸೇರಿಸಿದ್ದರು. ಇನ್ನೊಬ್ಬರು ಮಾಡುತ್ತಾರೆಂದು ಎಲ್ಲರೂ ನಂಬಿದ್ದರು. ಮೂರು ಸಾಲು ಸೇರಿಸಿದರೆ ಇಂದಿನ ತೂತು ಮುಚ್ಚುತ್ತದೆ, ನಾಳೆ ಇನ್ಯಾರೋ ಎಂಟನೇ ಬಾಗಿಲು ತೆರೆದಾಗ ಮತ್ತೆ ಸೋರುತ್ತದೆ.

ಅವಳು ನಿಯಮವನ್ನೇ ಬದಲಿಸಿದಳು. ಬಫರ್ ತೆಗೆದುಕೊಂಡ ಭಾಗವೇ ಅದನ್ನು ಹಿಂದಿರುಗಿಸಬೇಕು, ಒಳಗಿನ ಯಾವ ಭಾಗವೂ ಅದನ್ನು ಮುಟ್ಟಬಾರದು. ಯಾವ ರೀತಿಯ ತಪ್ಪಾದರೂ ಒಂದೇ ಬಾಗಿಲಿಗೆ ಬರಬೇಕು, ಬಿಡುಗಡೆ ಅಲ್ಲಿಯೇ ಆಗಬೇಕು. ಹೊಸಬರು ಏನು ಸೇರಿಸಿದರೂ ಆ ಬಾಗಿಲು ತಪ್ಪುವುದಿಲ್ಲ. ಇದರ ಜೊತೆಗೆ ಒಂದು ಪರೀಕ್ಷೆಯನ್ನೂ ಬರೆದಳು. ಹಾಳಾದದ್ದು, ತುಂಡಾದದ್ದು, ಉದ್ದ ಮೀರಿದ್ದು, ಹೀಗೆ ಹತ್ತು ಬಗೆಯ ಕೆಟ್ಟ ಪ್ಯಾಕೆಟ್ಟುಗಳನ್ನು ಲಕ್ಷ ಸಲ ಕಳಿಸಿ, ಕೊನೆಯಲ್ಲಿ ಮೆಮೊರಿ ಮೊದಲಿನಷ್ಟೇ ಇದೆಯೇ ಎಂದು ನೋಡುವ ಪರೀಕ್ಷೆ. ಎರಡನೇ ಆವೃತ್ತಿ ಕಳಿಸುವ ದಿನ ಅವಳು ಬೆರಳು ಹಿಂದೆಗೆಯಲಿಲ್ಲ.

ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಅದೇ ಪರಿಶೀಲಕರು ಬರೆದರು. ಈ ರೂಪ ತಮಗೆ ಬಹಳ ಹಿಡಿಸಿತು, ತಮ್ಮ ತಕರಾರು ಏನೂ ಇಲ್ಲ, ಒಂದು ಕುತೂಹಲವಷ್ಟೇ: ಹಲವು ವರ್ಷಗಳಿಂದ ಯಾರ ಕಣ್ಣಿಗೂ ಬೀಳದ್ದು ನಿಮಗೆ ಹೇಗೆ ಸಿಕ್ಕಿತು? ಝುಹ್ರಾ ನೋಟುಬುಕ್ಕಿನ ವಿಷಯ, ಈದ್ ರಜೆಯ ವಿಷಯ, ವೆಲ್ಡಿಂಗ್ ಅಂಗಡಿಯ ವಿಷಯ ಎಲ್ಲ ಬರೆದಳು. ಗಂಟೆಯೊಳಗೆ ಉತ್ತರ ಬಂತು. ಹಾಗಾದರೆ ತಿದ್ದುಪಡಿಯಲ್ಲಿ ಆ ತಂತ್ರಜ್ಞರ ಹೆಸರು ಇರಲೇಬೇಕು, ದೋಷ ಪತ್ತೆ ಮಾಡಿದವರೆಂದು. ಹೆಸರು, ಇಮೇಲ್ ಕೊಡಿ.

ಬಸಲಿಂಗಯ್ಯ ಮೊದಲು ಒಪ್ಪಲಿಲ್ಲ. ತಾವು ತಂತಿ ಕಿತ್ತು ಹಾಕಿದವರು, ಬರೆದವಳು ಅವಳು ಎಂದರು. ಇಮೇಲ್ ಇದ್ದರೂ ಅದು ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆಂದು ಯಾರೋ ಮಾಡಿಕೊಟ್ಟದ್ದು, ಅವರು ಎಂದೂ ತೆರೆದು ನೋಡಿದವರಲ್ಲ. ಝುಹ್ರಾ ಅವರ ಮುಂದೆ ಕುಳಿತು ನೇರವಾಗಿ ಹೇಳಿದಳು.

"ನೀವು ಬರೆದಿಡದಿದ್ದರೆ ನಾನು ಈಗಲೂ ನನ್ನ ಪ್ರೋಗ್ರಾಮನ್ನೇ ತಿರುಗಿಸಿ ತಿರುಗಿಸಿ ನೋಡ್ತಾ ಇರ್ತಿದ್ದೆ, ಬಸಣ್ಣ. ನಿಮ್ಮ ಹೆಸರು ಇಲ್ಲದೆ ಇದು ಹೋಗುವುದು ಬೇಡ."

ಅವರು ಅವಳ ಪೆನ್ನು ತೆಗೆದುಕೊಂಡು, ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆ, ಒಂದೊಂದೇ ಅಕ್ಷರವಾಗಿ ಕಾಗದದ ಮೇಲೆ ಬರೆದುಕೊಟ್ಟರು.

ಆಗಸ್ಟ್ ಕೊನೆಯ ಬುಧವಾರ ತಿದ್ದುಪಡಿ ಸ್ವೀಕಾರವಾಯಿತು. ಝುಹ್ರಾ ಪರದೆಯನ್ನು ದೊಡ್ಡದು ಮಾಡಿ ತೋರಿಸಿದಳು: ಬರೆದವರು ಫಾತಿಮತ್ ಝುಹ್ರಾ, ಅದರ ಕೆಳಗೆ ಪತ್ತೆ ಮಾಡಿದವರು ಬಸಲಿಂಗಯ್ಯ. ಈ ಹೆಸರು ಎಷ್ಟು ದಿನ ಅಲ್ಲಿರುತ್ತದೆಂದು ಅವರು ಕೇಳಿದರು. ಕರ್ನಲ್‌ನ ಇತಿಹಾಸವನ್ನು ಯಾರೂ ಅಳಿಸುವುದಿಲ್ಲ, ಅದು ಇರುವವರೆಗೂ ಇರುತ್ತದೆ ಎಂದಳು. ಅವರು ಆ ಪರದೆಯ ಫೋಟೋ ತೆಗೆದು, ಹೊರಗೆ ವರಾಂಡಕ್ಕೆ ಹೋಗಿ, ಗಜೇಂದ್ರಗಡಕ್ಕೆ ಹೆಂಡತಿ ಬಾಳಕ್ಕನಿಗೆ ಫೋನ್ ಮಾಡಿದರು. ಗಾಜಿನ ಆಚೆಯಿಂದ ಮಾತು ಕೇಳಿಸಲಿಲ್ಲ. ಕೈಯಲ್ಲಿ ತಾಟಿನ ಆಕಾರ ಬಿಡಿಸಿ, ಅದನ್ನು ಬೆಂಚಿನ ಕೆಳಗೆ ಸರಿಸಿ ತೋರಿಸುತ್ತಿದ್ದುದು ಮಾತ್ರ ಕಾಣುತ್ತಿತ್ತು.

ಹೊಸ ಕರ್ನಲ್ ಮೊದಲು ಹೋದದ್ದು ರಾಯ್‌ಗೇ. ದಿನದ ರೀಸ್ಟಾರ್ಟನ್ನು ಅಲ್ಲಿದ್ದ ಹನ್ನೊಂದು ಡಬ್ಬಿಗಳಲ್ಲಿ ನಿಲ್ಲಿಸಿದರು. ನಾಲ್ಕನೆಯ ದಿನ ಝುಹ್ರಾ ಬೆಳಿಗ್ಗೆಯಿಂದ ಪರದೆಯ ಮುಂದಿನಿಂದ ಏಳಲಿಲ್ಲ. ಹನ್ನೊಂದೂ ಓಡುತ್ತಿದ್ದವು. ಹತ್ತನೆಯ ದಿನವೂ ಓಡುತ್ತಿದ್ದವು, ಮೆಮೊರಿ ಮೊದಲ ದಿನ ಎಷ್ಟಿತ್ತೋ ಅಷ್ಟೇ. ಸೆಪ್ಟೆಂಬರ್ ಮುಗಿಯುವುದರೊಳಗೆ ನೂರ ನಲವತ್ತೂ ಬದಲಾದವು. ಜೋಕಿಮ್ ತಾವೇ ಅವಳ ಪಕ್ಕ ನಿಂತು, ರೀಸ್ಟಾರ್ಟ್ ಆಜ್ಞೆಯಿದ್ದ ಸಾಲನ್ನು ಎಲ್ಲ ಡಬ್ಬಿಗಳಿಂದಲೂ ಅಳಿಸಿಹಾಕಿಸಿದರು. ಜುಲೈನ ಆ ಸೋಮವಾರದ ಸಭೆಯಲ್ಲಿ ಡಬ್ಬಿ ಕಂಪನಿಯ ಉತ್ತರ ಓದಿದ್ದಕ್ಕೆ ತಮಗೆ ಬೇಸರವಿದೆ ಎಂದು, ಎಲ್ಲರಿಗೂ ಕೇಳುವಂತೆಯೇ ಹೇಳಿದರು.

ಅಕ್ಟೋಬರಿನ ಮೀಟಿಂಗಿಗೆ ಗೋದಾಮಿನ ಮುಖ್ಯ ಫಾರ್ಮಸಿಸ್ಟ್ ಬಂದಿದ್ದರು. ಇನ್ಸುಲಿನ್ ಪೆಟ್ಟಿಗೆಗಳನ್ನು ತಮ್ಮ ಕೈಯಿಂದಲೇ ಕಸಕ್ಕೆ ಹಾಕಿಸಿದ್ದ ಕುವೈತಿ ಮಹಿಳೆ. ಅವರು ಸೌಜನ್ಯದ ಮಾತಿಗೆ ನಿಲ್ಲಲಿಲ್ಲ. ಕಾರಣವೇನು, ಮತ್ತೆ ಆಗುವುದಿಲ್ಲವೆಂದು ಹೇಗೆ ಹೇಳುತ್ತೀರಿ ಎಂದಷ್ಟೇ ಕೇಳಿದರು. ಜೋಕಿಮ್ ಝುಹ್ರಾಳ ಕಡೆ ಕೈ ತೋರಿದರು. ಅವಳು ಹತ್ತು ನಿಮಿಷ ಮಾತಾಡಿದಳು. ಏಳು ಬಾಗಿಲುಗಳ ಚಿತ್ರ ಬರೆದು, ಅವನ್ನು ಒಂದಕ್ಕೆ ತಂದದ್ದನ್ನು ತೋರಿಸಿದಳು. ಆಮೇಲೆ ಪರೀಕ್ಷೆಯನ್ನು ಅಲ್ಲೇ, ಅವರ ಎದುರಿನಲ್ಲೇ ಓಡಿಸಿದಳು. ಲಕ್ಷ ಕೆಟ್ಟ ಪ್ಯಾಕೆಟ್ಟುಗಳು ಹಾದುಹೋದವು. ಮೆಮೊರಿ ಅಲುಗಲಿಲ್ಲ.

ಫಾರ್ಮಸಿಸ್ಟ್ ಪರದೆಯನ್ನು ನೋಡಿದರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ ಬಸಲಿಂಗಯ್ಯನವರನ್ನು ನೋಡಿದರು. ಈದ್‌ನಲ್ಲಿ ಡಬ್ಬಿ ಸಾಯುವುದಿಲ್ಲವೆಂದು ಗಮನಿಸಿದವರು ಇವರೇ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದೆಂದಾಗ ಎದ್ದುನಿಂತು, ಎದೆಯ ಮೇಲೆ ಕೈಯಿಟ್ಟು ಅವರಿಗೆ ತಲೆಬಾಗಿದರು. ಜಹರಾದಲ್ಲಿ ಕಟ್ಟುತ್ತಿರುವ ತಮ್ಮ ಹೊಸ ಗೋದಾಮಿಗೂ ಇವೇ ಡಬ್ಬಿಗಳು ಬೇಕೆಂದು ಜೋಕಿಮ್‌ರಿಗೆ ಹೇಳಿ ಹೊರಟರು.

ಅದೇ ವಾರ ಡಬ್ಬಿ ತಯಾರಿಸುವ ಕಂಪನಿಯಿಂದ ಎಲ್ಲ ಗ್ರಾಹಕರಿಗೂ ಒಂದು ಸುತ್ತೋಲೆ ಬಂತು. ಹೊಸ ಆವೃತ್ತಿಯ ಕರ್ನಲ್‌ನಲ್ಲಿ ಮೆಮೊರಿ ಸೋರಿಕೆಯೊಂದು ಸರಿಯಾಗಿದೆ, ದಯವಿಟ್ಟು ಕೂಡಲೇ ಹಾಕಿಕೊಳ್ಳಿ ಎಂದು. ಜೋಕಿಮ್ ಅದನ್ನು ಓದಿ ಹೇಳಿದಾಗ ಇಡೀ ಕಚೇರಿ ನಕ್ಕಿತು. ಝುಹ್ರಾ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಹೊಣೆ ಯಾರದ್ದೆಂದು ತೀರ್ಮಾನವಾಗದ ಬಫರುಗಳು ಬೇರೆ ಡ್ರೈವರುಗಳಲ್ಲೂ ಇರಬೇಕೆಂದು, ದಿನಕ್ಕೊಂದು ಗಂಟೆ ಕೂತು ಒಂದೊಂದನ್ನೇ ಓದತೊಡಗಿದಳು. ನವೆಂಬರಿನಲ್ಲಿ, ತಾವು ಎಂದೂ ಬಳಸದ, ಯಾವುದೋ ದೂರದ ದೇಶದ ಯಂತ್ರಗಳಲ್ಲಿ ಓಡುವ ಡ್ರೈವರೊಂದರಲ್ಲಿ ಅಂಥದ್ದೇ ತೂತು ಸಿಕ್ಕಿತು. ಏಳಲ್ಲ, ಒಂಬತ್ತು ಬಾಗಿಲು. ಈ ಸಲ ಎಲ್ಲವನ್ನೂ ಮೊದಲೇ ಕಾಗದದ ಮೇಲೆ ಗುರುತು ಹಾಕಿ, ಪರೀಕ್ಷೆಯನ್ನೂ ಸೇರಿಸಿ ಗುರುವಾರ ಮಧ್ಯಾಹ್ನ ಕಳಿಸಿದಳು. ಶುಕ್ರವಾರ, ಶನಿವಾರದ ವಾರಾಂತ್ಯ ಮುಗಿಸಿ ಭಾನುವಾರ ಕಚೇರಿಗೆ ಬಂದಾಗ ಉತ್ತರ ಕಾಯುತ್ತಿತ್ತು. ಪ್ರಶ್ನೆಯಿಲ್ಲ, ತಿದ್ದು ಇಲ್ಲ. ಸ್ವೀಕರಿಸಿದ್ದೇವೆ, ಧನ್ಯವಾದ ಎಂದಿತ್ತು. ಅವಳು ಅದನ್ನೊಮ್ಮೆ ಓದಿ, ಕುರ್ಚಿ ಮುಂದಕ್ಕೆಳೆದುಕೊಂಡು, ಮುಂದಿನ ಡ್ರೈವರ್ ತೆರೆದಳು.